ಬಾಜೂ ಕುರ್ಚಿಯ ಭೀಮಶಾ

ಭೀಮಶಾ ಅಂದ ಕೂಡಲೆ ನನ್ನ ಕಣ್ಣಿಗೆ ಬರೋದು ಅವನ ಎಡಗಿವಿ. ಮಾರಿ ಅಲ್ಲ. ಒಂಬತ್ತು ವರ್ಷ ಅವನ ಎಡಗಡಿ ಕುರ್ಚಿ ಮ್ಯಾಲ ಕುಂತು ಕೆಲಸ ಮಾಡೀನಿ. ಇಬ್ಬರೂ ಎದುರಿನ ಪರದೆ ನೋಡಾವ್ರು, ಒಬ್ಬರ ಮಾರಿ ಒಬ್ಬರು ನೋಡಿದ್ದು ಕಡಿಮಿ. ಕಿವಿ ಮ್ಯಾಲ ಒಂದು ಹಳೀ ಗಾಯ ಇತ್ತು. ಸಣ್ಣಂವ ಇದ್ದಾಗ ಆಕಳ ಕರ ಒದ್ದಿತ್ತಂತ. ಇಂಥಾವೆಲ್ಲ ಹೇಳಬೇಕೋ ಬ್ಯಾಡೋ ನನಗ ತಿಳ್ಯಂಗಿಲ್ಲ, ಆದ್ರ ಅವನ ಸುದ್ದಿ ಎಲ್ಲಿಂದರೆ ಸುರು ಮಾಡಬೇಕಲ್ಲ.

1998ರಾಗ ನಾವಿಬ್ಬರೂ ಒಂದೇ ವಾರದಾಗ ಕೆಲಸಕ್ಕ ಸೇರಿದ್ವಿ. ಕಲಬುರಗಿ ಜೇವರ್ಗಿ ಕಾಲೋನ್ಯಾಗ ಒಂದು ಹಲ್ಲಿನ ದವಾಖಾನಿ, ಅದರ ಮ್ಯಾಲಿನ ಮನಿ ನಮ್ಮ ಕಂಪನಿ. ‘ಕಾಶಿ ಸಾಫ್ಟ್‌ವೇರ್’ ಅಂತ ನೀಲಿ ಬೋರ್ಡು. ಮಾಲಕ ಕಾಶಿರಾಯ ಸರ್ ಪುಣೆದಾಗ ನಾಕು ವರ್ಷ ನೌಕರಿ ಮಾಡಿ, ಊರಿಗೆ ಹೊಳ್ಳಿ ಬಂದು ತಗದಿದ್ರು. ಒಟ್ಟು ಏಳು ಮಂದಿ. ಸಾಫ್ಟ್‌ವೇರ್ ಬರಿಯಾಂವ ಒಬ್ಬನೇ, ಶಹಾಬಜಾರದ ಇನಾಯತ್ ಭಾಯಿ. ನಾವು ಐದು ಮಂದಿ ಬರೇ ಟೈಪ್ ಮಾಡಾವ್ರು. ಹೆಸರಿಗೆ ಗಂಗಾಭವಾನಿ, ಕುಡಿಯಾಕ ನೀರಿಲ್ಲ ಅಂತಾರಲ್ಲ, ಹಂಗ. ಆದ್ರ ಗಾಜಿಪುರದ ನಮ್ಮ ಓಣ್ಯಾಗ ನಮ್ಮವ್ವ, ನನ್ನ ಮಗಳು ಅನ್ನಮ್ಮ ಸಾಫ್ಟ್‌ವೇರ್ ಕಂಪನ್ಯಾಗ ಅದಾಳ ಅಂತ ಹೇಳಿದ್ದೇ ಹೇಳಿದ್ದು. ಅಪ್ಪ ಕಿರಾಣಿ ಅಂಗಡ್ಯಾಗ ಪುಡಿಕಿ ಕಟ್ಟಾಂವ, ಮಗಳಿಗೆ ತಣ್ಣನ್ನ ಖೋಲಿಯೊಳಗ ಕುರ್ಚಿ. ಹೇಳಲಾರದ ಏನ್ ಮಾಡ್ತಾಳ?

ತಣ್ಣನ್ನ ಖೋಲಿನೂ ನಮಗಲ್ಲ, ಮಶೀನಿಗೆ. ಕರೆಂಟ್ ಹೋದ್ರ ಬ್ಯಾಟರಿ ಚೀಂವ್ ಚೀಂವ್ ಅಂತಿತ್ತು, ನಾವು ಗಡಬಡಿಸಿ ಎಲ್ಲಾ ಉಳಿಸಿಕೊಂಡು ಕೈ ಕಟ್ಟಿ ಕೂಡತಿದ್ವಿ. ಕೆಳಗ ಡಾಕ್ಟರು ಮಂದಿ ಹಲ್ಲು ಕೊರಿಯೋ ಸಪ್ಪಳ ನೆಲದಾಗಿಂದ ಮ್ಯಾಲ ಬರತಿತ್ತು. ಮೊದಮೊದಲು ಮೈ ಜುಂ ಅಂತಿತ್ತು, ಆರು ತಿಂಗಳಿಗೆ ಕೇಳಸೋದೇ ನಿಂತು ಹೋತು.

ಭೀಮಶಾ ಕಮಲಾಪುರದಾಂವ. ದಿನಾ ಮುಂಜಾನಿ ಹುಮನಾಬಾದ್ ಕಡಿಂದ ಬರೋ ಬಸ್ಸು ಹಿಡದು ಬರಾಂವ, ಸಂಜಿಕಿ ಹೋಗಾಂವ. ನನಗಿಂತ ಆರು ವರ್ಷ ದೊಡ್ಡಂವ, ನಾ ಭೀಮಣ್ಣ ಅಂತಿದ್ದೆ, ಅಂವ ತಂಗಿ ಅಂತಿದ್ದ. ಮಾತು ಕಡಿಮಿ. ನಾನೋ, ಬಾಯಿ ಮುಚ್ಚಿದ್ರ ಹೊಟ್ಟಿ ಉಬ್ಬಾಕಿ. ನಾ ಹತ್ತು ಆಡಿದ್ರ ಅಂವ ಒಂದು ಆಡತಿದ್ದ, ಅದೂ ಅವರ ಅಕ್ಕನ ಸುದ್ದಿನೇ. ಅವ್ವ ಸತ್ತಾಗ ಅವನಿಗೆ ಆರು ವರ್ಷ. ಅಕ್ಕನೇ ಜ್ವಾಪಾನ ಮಾಡಿದಾಕಿ, ಲಗ್ನ ಆದ ಮ್ಯಾಲ ಗಂಡನ ಮನಿಗೂ ಕರಕೊಂಡು ಹೋಗಿ ಸಾಲಿ ಓದಿಸಿದಾಕಿ. ಆಕಿಗೆ ಮಕ್ಕಳಾಗಲಿಲ್ಲ, ಗಂಡನೂ ಜಲ್ದಿ ತೀರಿಕೊಂಡ. ಆಮ್ಯಾಲ ಊರಾಗಿನ ಅಂಗನವಾಡಿಯೊಳಗ ಸಹಾಯಕಿ ಆದಳು. ಮುಂಜಾನೆದ್ದು ಮನಿಮನಿಗೆ ಹೋಗಿ ಕೂಸುಗಳ ಸಿಂಬಳ ಒರಸಿ ಕರಕೊಂಡು ಬರೋದು, ಉಪ್ಪಿಟ್ಟು ಮಾಡಿ ಉಣಸೋದು, ಮಲಗಸೋದು. ಕೇಂದ್ರದ ಕೀಲಿಕೈ ಆಕಿ ಉಡ್ಯಾಗೇ ಇರತಿತ್ತು. ಆಯಿತಾರ ದಿನಾನೂ ಒಂದು ಸಲ ಹೋಗಿ ಬಾಗಲ ತಗದು ನೋಡಿ ಬರತಾಳ ನಮ್ಮಕ್ಕ ಅಂತ ಭೀಮಣ್ಣ ನಗತಿದ್ದ. ಹೆಸರು ಏನಂತ ಅಂವ ಹೇಳಲಿಲ್ಲ, ನಾ ಕೇಳಲಿಲ್ಲ. ಅಕ್ಕ ಅಂದ್ರ ಅಕ್ಕ.

ಇನ್ನ ನಮ್ಮ ಕೆಲಸ. ಸರಕಾರದ ಹಳೀ ರಜಿಸ್ಟರ್ ಬರತಿದ್ದವು, ಕೈಬರಹದವು. ಅವನ್ನ ಕಂಪ್ಯೂಟರಿಗೆ ಏರಸೋದು. ತಪ್ಪು ಆಗಬಾರದು ಅಂತ ಒಂದು ಪದ್ಧತಿ ಇತ್ತು. ಒಂದೇ ಹಾಳೀನ ಇಬ್ಬರು ಬ್ಯಾರೆ ಬ್ಯಾರೆ ಟೈಪ್ ಮಾಡಬೇಕು. ರಾತ್ರಿ ಇನಾಯತ್ ಭಾಯಿ ಮಾಡಿದ ಪ್ರೋಗ್ರಾಮು ಎರಡನ್ನೂ ಕೂಡಿಸಿ ನೋಡತದ. ಎರಡೂ ಒಂದೇ ಇದ್ರ ಖರೇ, ಪಾಸು. ಬ್ಯಾರೆ ಇದ್ರ ತಪ್ಪು. ಇಬ್ಬರಿಗೂ ಒಂದೇ ತಪ್ಪು ಆಗೋದು ಸಾಧ್ಯನೇ ಇಲ್ಲ ಅನ್ನೋದು ಲೆಕ್ಕ. ಲೆಕ್ಕ ಚೊಲೋನೇ ಇತ್ತು. ಆದ್ರ ರಜಿಸ್ಟರ್ ಒಂದೇ, ಟೈಪ್ ಮಾಡಾವ್ರು ಇಬ್ಬರು. ಅದಕ್ಕ ನಮ್ಮಿಬ್ಬರ ನಡುವ ಒಂದು ಸ್ಟೂಲ್ ಇಟ್ಟು ಅದರ ಮ್ಯಾಲ ರಜಿಸ್ಟರ್ ತಗದು ಇಡತಿದ್ರು. ಒಂದು ಸ್ಟೂಲಿನ ಆಕಡಿ ಈಕಡಿ ಕುಂತಾವ್ರಿಗೆ ಮಾತಾಡಬ್ಯಾಡ್ರಿ ಅಂದ್ರ ಹೆಂಗ?

ಪ್ರತಿ ಶನಿವಾರ ಕಾಶಿರಾಯ ಸರ್ ಒಳಗಿನ ಕರೀ ಬೋರ್ಡಿನ ಮ್ಯಾಲ ಎಲ್ಲಾರ ಹೆಸರು ಬರದು, ಮುಂದ ತಪ್ಪಿನ ಸಂಖ್ಯೆ ಬರಿತಿದ್ರು. ಬೈಯತಿದ್ದಿಲ್ಲ. ನಾವೆಲ್ಲ ಒಂದೇ ಮನಿಯವರು, ಮನಿಯವರಿಗೆ ಬೈಯೋದು ಹೆಂಗ ಅಂತಿದ್ರು. ಬರೇ ಆ ಸಂಖ್ಯೆ ಸೋಮವಾರತನಕ ಅಳಸತಿದ್ದಿಲ್ಲ. ಇದಕ್ಕಿಂತ ನಾಕು ಬೈದಿದ್ರ ಚೊಲೋ ಇತ್ತು.

ಎಲ್ಲಾಕ್ಕಿಂತ ದೊಡ್ಡ ಪೀಡಾ ಖಾಲಿ ಜಾಗ. ಹಳ್ಳಿ ಮಂದಿ ರಜಿಸ್ಟರಿನ್ಯಾಗ ಹುಟ್ಟಿದ ತಾರೀಖಿನ ಜಾಗ ಖಾಲಿ ಇರತಿತ್ತು. ಯಾರಿಗೆ ಗೊತ್ತಿರತದ? ಹುಟ್ಟಿದಾಗ ದೊಡ್ಡ ಮಳಿ ಇತ್ತು ಅಂತಾರ, ಇಲ್ಲಾಂದ್ರ ಗೌಡರ ಎಮ್ಮಿ ಸತ್ತಿತ್ತು ಅಂತಾರ. ಪ್ರೋಗ್ರಾಮು ಖಾಲಿ ಬಿಟ್ರ ಮುಂದ ಹೋಗತಿದ್ದಿಲ್ಲ. ಚೀಟಿ ಬರದು ಕೊಟ್ಟು, ರಜಿಸ್ಟರ್ ಕಳಿಸಿದ ಸರಕಾರಿ ಆಫೀಸಿನವರಿಗೆ ಕೇಳಬೇಕು ಅಂತ ನೇಮ. ಕೇಳಿದ್ರ ಎರಡು ತಿಂಗಳು ಉತ್ತರ ಇಲ್ಲ, ಕೆಲಸ ಅಲ್ಲೇ ನಿಲ್ಲತಿತ್ತು. ಖಾಲಿ ಇಟಗೊಂಡು ಕೂಡಬ್ಯಾಡ್ರಿ, ಮುಂದ ನಡೀರಿ ಅಂತಿದ್ರು ಸರ್. ಏನು ತುಂಬಬೇಕು ಅಂತ ಮಾತ್ರ ಹೇಳತಿದ್ದಿಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು.

ತುಂಬೋ ತಾರೀಖು ಹುಡುಕಿದಾಕಿ ನಾನು. ಇಬ್ಬರೂ ಒಂದೇ ತುಂಬಿದ್ರ ಪ್ರೋಗ್ರಾಮಿನ ಅಪ್ಪಗೂ ತಿಳ್ಯಂಗಿಲ್ಲ ಅಂದೆ. ಅಂಕಿ ಒತ್ತೋ ಕೀಲಿಗಳೊಳಗ ಎಡಕಿನ ಸಾಲಿನ್ಯಾಗ ಕೆಳಗಿಂದ ಸೊನ್ನಿ, ಒಂದು, ನಾಕು, ಏಳು ಇರತಾವ. ಒಂದೇ ಬೆರಳು ಮ್ಯಾಲ ಜಾರಿಸಿದ್ರ ಸಾಕು, ನೋಡೋದೂ ಬ್ಯಾಡ. ಒಂದನೇ ತಾರೀಖು, ನಾಕನೇ ತಿಂಗಳು, ನಲವತ್ತೇಳು. ಭೀಮಣ್ಣ ಒಂದು ಗಳಿಗಿ ನನ್ನ ಕಡಿ ನೋಡಿದ. ಮಂದೀಗೆ ಏನರೆ ತ್ರಾಸ ಆಗತದೇನು ತಂಗಿ ಅಂತ ಕೇಳಿದ. ಹುಟ್ಟಿದ ದಿನಾ ತಗೊಂಡು ಅವ್ರೇನು ಕೇಕ್ ಕೊಯ್ತಾರೇನು ಅಂತ ನಾ ನಕ್ಕೆ. ಅವನೂ ನಕ್ಕ. ಆ ಶನಿವಾರ ಬೋರ್ಡಿನ ಮ್ಯಾಲ ನಮ್ಮಿಬ್ಬರ ಹೆಸರಿನ ಮುಂದ ಸೊನ್ನಿ ಇತ್ತು. ಸರ್ ಎಲ್ಲಾರಿಗೂ ಮಿರ್ಚಿ ಭಜಿ ತರಿಸಿದ್ರು.

ಅದಾದ ಮ್ಯಾಲ ಎಷ್ಟು ಮಂದೀನ ಆ ದಿನ ಹುಟ್ಟಿಸಿದ್ವೋ ದೇವರಿಗೇ ಗೊತ್ತು. ವರ್ಷ ಹೋದಂಗ ಹೋದಂಗ ನಾವು ಓದೋದು ಬಿಟ್ವಿ. ಇದು ತಿಳಿಸಿ ಹೇಳೋದು ಕಠಿಣ. ಕಣ್ಣು ಹಾಳಿ ಮ್ಯಾಲ ಇರತದ, ಬೆರಳು ಕೀಲಿ ಮ್ಯಾಲ ಇರತಾವ, ನಡುವ ತಲಿಗೆ ಏನೂ ಕೆಲಸ ಇಲ್ಲ. ದಿನಕ್ಕ ಮುನ್ನೂರು ಹೆಸರು ಒತ್ತಿ ಮನಿಗೆ ಹೋದ್ರ ಒಂದೂ ಹೆಸರು ನೆನಪಿಲ್ಲ. ಅವ್ವ ಇವತ್ತೇನು ಮಾಡಿದಿ ಅಂತ ಕೇಳಿದ್ರ ಏನಿಲ್ಲ ಅಂತಿದ್ದೆ. ಸುಳ್ಳಲ್ಲ ಅದು.

2004ರ ಬ್ಯಾಸಗ್ಯಾಗ ಅಂಗನವಾಡಿ ಸಹಾಯಕಿಯರ ರಜಿಸ್ಟರ್ ಬಂತು. ಒತ್ತಿದ್ವಿ. ಹೋತು.

2007ರ ಜನೇವರಿಯೊಳಗ ಒಂದು ಸೋಮವಾರ ಭೀಮಣ್ಣ ತಡಾ ಮಾಡಿ ಬಂದ. ಅಂವ ತಡಾ ಮಾಡಾಂವಲ್ಲ. ಚಪ್ಪಲಿ ಬಿಟ್ಟು ಬಂದು ಕಿಸೆದಾಗಿಂದ ಒಂದು ಕಾಗದ ತಗದು ಸ್ಟೂಲಿನ ಮ್ಯಾಲ ರಜಿಸ್ಟರಿನ ಮ್ಯಾಲಿಟ್ಟ. ಕಮಲಾಪುರದ ಎರಡನೇ ಕೇಂದ್ರದ ಸಹಾಯಕಿ ದುಂಡಮ್ಮ ಗಂಡ ಮಾಳಿಂಗಪ್ಪ, ಜನ್ಮ ದಿನಾಂಕ ಒಂದು ನಾಕು ನಲವತ್ತೇಳು, ಅರವತ್ತು ತುಂಬೋದರಿಂದ ಮಾರ್ಚ್ ಕೊನಿಗೆ ಕೆಲಸದಿಂದ ಬಿಡುಗಡೆ ಅಂತ ಇತ್ತು. ತಾರೀಖು ಓದಾಕತ್ತಿದ್ದಂಗ ನನ್ನ ಬೆರಳು ತಾನ ಜಾರಿತು. ಆಗ ತಿಳೀತು. ಯಾರಿವರು ಭೀಮಣ್ಣ ಅಂದೆ, ಸುಮ್ಮ ಕೇಳಬೇಕಂತ ಕೇಳಿದೆ. ನಮ್ಮಕ್ಕ ಅಂದ.

ಆಕಿಗೆ ಆಗ ನಲವತ್ತಾರೋ ನಲವತ್ತೇಳೋ. ಆಫೀಸಿಗೆ ಹೋಗಿ ನನ್ನ ಮಾರಿ ನೋಡ್ರಿ, ಅರವತ್ತರ ಮಾರಿ ಆಗೇದೇನು ಅಂತ ಕೇಳಿದ್ದಳಂತ. ಅಲ್ಲಿನವರು ಮಾರಿ ನೋಡಲಿಲ್ಲ, ಕಂಪ್ಯೂಟರಿನ ಹಾಳಿ ನೋಡಿದ್ರು. ಮೂಲ ರಜಿಸ್ಟರ್ ತಗೀರಿ ಅಂದ್ರ, ಮಳಿಗಾಲದಾಗ ಛತ್ತು ಸೋರಿ ಎಲ್ಲಾ ಮುದ್ದಿ ಆಗ್ಯಾವ ಅಂದ್ರು. ಸಾಲಿಗೆ ಹೋದಾಕಿ ಅಲ್ಲ, ಬ್ಯಾರೆ ಕಾಗದ ಒಂದೂ ಇಲ್ಲ.

ಇನಾಯತ್ ಭಾಯಿ ಹಳೀ ಫೈಲ್ ತಗದ್ರು. ಪರದೆ ಮ್ಯಾಲ ಎರಡು ಸಾಲು ಬಂದವು, ಒಂದರ ಮುಂದ ಭೀಮಶಾ, ಒಂದರ ಮುಂದ ಅನ್ನಮ್ಮ. ಅಂವ ಒತ್ತಿದ್ದು ಹನ್ನೊಂದು ನಲವತ್ತಕ್ಕ, ನಾ ಒತ್ತಿದ್ದು ಹನ್ನೊಂದು ನಲವತ್ತೊಂದಕ್ಕ. ಭೀಮಣ್ಣ ಬಗ್ಗಿ ಭಾಳ ಹೊತ್ತು ನೋಡಿದ.

“ಅಕ್ಕನ ಹೆಸರು ನಾನೇ ಒತ್ತೀನಿ ತಂಗಿ. ಮಾಳಿಂಗಪ್ಪ ಮಾವನ ಹೆಸರೂ ಒತ್ತೀನಿ, ಕಮಲಾಪುರ ಅಂತ ಊರೂ ಒತ್ತೀನಿ. ನನಗ ಗೊತ್ತೇ ಆಗಿಲ್ಲ.”

ಅಷ್ಟೇ ಅಂದ. ಅದೇ ತಾರೀಖಿನ್ಯಾಗ ಇನ್ನೂ ಎಂಟು ಮಂದಿ ಹೆಂಗಸರು ಅದಾರ ನೋಡ್ರಿ ಅಂತ ಇನಾಯತ್ ಭಾಯಿ ತೋರಿಸಿದ್ರು. ಅವರು ಯಾರು, ಯಾವ ಊರಿನವರು, ನಾ ಓದಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಭೀಮಣ್ಣ ಅವತ್ತೇ ಅರ್ಜಿ ಬರದ. ರಜಿಸ್ಟರಿನ್ಯಾಗ ಜಾಗ ಖಾಲಿ ಇತ್ತು, ತಾರೀಖು ನಾನೇ ತುಂಬೀನಿ, ಶಿಕ್ಷಾ ಏನಿದ್ರೂ ನನಗ ಕೊಡ್ರಿ ಅಂತ. ಆಫೀಸಿನವರು ಓದಿ ನಕ್ಕರಂತ. ಇಬ್ಬರು ಬ್ಯಾರೆ ಬ್ಯಾರೆ ಟೈಪ್ ಮಾಡೀರಿ, ಇಬ್ಬರಿಗೂ ಅದೇ ತಾರೀಖು ಬಂದದ. ರಜಿಸ್ಟರಿನ್ಯಾಗ ಇರಲಾರದ್ದು ಇಬ್ಬರ ಕಣ್ಣಿಗೂ ಒಂದೇ ಥರಾ ಹೆಂಗ ಕಂಡೀತು? ಅಕ್ಕನ ಸಲುವಾಗಿ ಸುಳ್ಳು ಬರ್ಯಾಕತ್ತಿ ಅಂದ್ರಂತ. ಒಬ್ಬ ಗುಮಾಸ್ತ ಮಾತ್ರ ಪಾಪ ಅಂದು ಹಾದಿ ಹೇಳಿಕೊಟ್ಟಿದ್ದ. ಎರಡನೇ ಎಂಟ್ರಿ ಮಾಡಿದವರು ತಮ್ಮ ಎಂಟ್ರಿ ಬಗ್ಗೆ ತಾವೇ ಬರದು ಸಹಿ ಮಾಡಿದ್ರ, ಮಾರ್ಚ್ ಮುಗಿಯೋದರೊಳಗ ಕೊಟ್ರ, ಆದೇಶ ತಡೀಬಹುದು. ಒಬ್ಬರ ಸಹಿ ಇನ್ನೊಬ್ಬರ ಎಂಟ್ರಿಗೆ ನಡ್ಯಂಗಿಲ್ಲ.

ಅಂದ್ರ ದುಂಡಮ್ಮನ ಕೆಲಸ ಈಗ ನನ್ನ ಕೈಯ್ಯಾಗ ಬಂತು. ಎಲ್ಲಿಗೆ ಬಂತು ಸಂಗಯ್ಯಾ ಅಂದ್ರ ಇಲ್ಲಿಗೇ ಬಂತು ಅನ್ನೋ ಗಾದಿ ಆತು.

ಭೀಮಣ್ಣ ಕಾಗದ ತಂದು ಸ್ಟೂಲಿನ ಮ್ಯಾಲಿಟ್ಟ. ಎಲ್ಲಾ ಅವನೇ ಬರದಿದ್ದ, ನನ್ನ ಹೆಸರಿನ ಮ್ಯಾಲ ಸಹಿಗೆ ಜಾಗ ಬಿಟ್ಟಿದ್ದ.

“ನಿನಗ ತ್ರಾಸ ಆಗತದ, ಗೊತ್ತದ. ಅಕ್ಕಗ ಆ ಅಂಗನವಾಡಿ ಒಂದ ಅದ ತಂಗಿ. ಬ್ಯಾರೆ ಏನೂ ಇಲ್ಲ.”

ನಾಳಿ ಮಾಡ್ತೀನಿ ಭೀಮಣ್ಣ ಅಂದೆ.

ಮಧ್ಯಾಹ್ನ ಕಾಶಿರಾಯ ಸರ್ ಕರದು ಚಾ ಕೊಟ್ರು. ಇಬ್ಬರ ಸಹಿ ಇರೋ ಕಾಗದ ಹೋದ್ರ ನಾವು ಮಾಡಿದ ಒಂಬತ್ತು ವರ್ಷದ ಕೆಲಸಾನೇ ಸುಳ್ಳು ಅಂದಂಗ ಆಗತದ, ಎಲ್ಲಾ ಕೆಲಸ ವಾಪಸ್ ತಗೋತಾರ ಅಂತ ಹೇಳಿದ್ರು. ನಾ ಬ್ಯಾಡ ಅನ್ನಂಗಿಲ್ಲ ಅನ್ನಮ್ಮ, ವಿಚಾರ ಮಾಡು, ಏಳು ಕುರ್ಚಿ ಅವ ಅಂದ್ರು. ಅಂಜಿಸಲಿಲ್ಲ. ಸರ್ ಮ್ಯಾಲ ಹಾಕಿ ನಾ ಪಾರಾಗಬೇಕಂದ್ರೂ ಆಗಂಗಿಲ್ಲ.

ಖರೇ ಹೇಳ್ತೀನಿ, ಏಳು ಕುರ್ಚಿ ಸಲುವಾಗಿ ಅಲ್ಲ. ನನ್ನ ಲಗ್ನ ಗೊತ್ತಾಗಿತ್ತು, ಏಪ್ರಿಲ್ ಇಪ್ಪತ್ತಕ್ಕ. ಇಪ್ಪತ್ತೊಂಬತ್ತು ತುಂಬಿತ್ತು ನನಗ. ನಾಕು ಕಡಿ ಬ್ಯಾಡ ಅಂದು ಹೋಗಿದ್ರು. ಈ ಮಾಸ್ತರ ಮನ್ಯಾವ್ರು ಹುಡುಗಿ ಸಾಫ್ಟ್‌ವೇರ್ ಕಂಪನ್ಯಾಗ ಅದಾಳ ಅಂತ ಕೇಳಿ ಒಪ್ಪಿದ್ರು. ಸುಳ್ಳು ತಾರೀಖು ತುಂಬೀನಿ ಅಂತ ನನ್ನ ಕೈಲೆ ಬರದು ಸಹಿ ಮಾಡಿ, ಅದು ಊರಿಗೆಲ್ಲ ಗೊತ್ತಾಗಿ, ಕಂಪನಿನೂ ಮುಚ್ಚಿದ್ರ? ಅವ್ವ ಪಾತ್ರಿ ಪಡಗ ತಗೊಂಡು ಆಗಿತ್ತು. ನನಗ ಅಂಜಿಕಿ ಆತು. ಅಂಜಿಕಿ ಮುಂದ ದುಂಡಮ್ಮ ಕಾಣಲಿಲ್ಲ.

ದಿನಾ ಮುಂಜಾನಿ ಭೀಮಣ್ಣ ಆ ಕಾಗದ ತಗದು ಸ್ಟೂಲಿನ ಮ್ಯಾಲ ಇಡತಿದ್ದ. ಸಂಜಿಕಿ ಮಡಚಿ ಕಿಸೆದಾಗ ಇಟಗೊಂಡು ಬಸ್ಸಿಗೆ ಹೋಗತಿದ್ದ. ಒಂದು ಸಲ ಕೇಳಿದ್ದು ಕೇಳಿದ್ದು, ಎರಡನೇ ಸಲ ಕೇಳಲಿಲ್ಲ. ನಾ ಆಗಂಗಿಲ್ಲ ಅಂತ ಅನ್ನಲೂ ಇಲ್ಲ. ಹಾಳಿ ತಿರುವುವಾಗ ಆ ಕಾಗದ ಸ್ವಲ್ಪ ಬಾಜೂ ಸರಸಿ ಟೈಪ್ ಮಾಡತಿದ್ದೆ. ಬುತ್ತಿ ಬಿಚ್ಚಿದಾಗ ಅವನ ಡಬ್ಯಾಗಿನ ಶೇಂಗಾ ಹಿಂಡಿ ಮೊದಲಿನಂಗ ನನ್ನ ಕಡಿ ಸರಸತಿದ್ದ, ನಾ ಹಚ್ಚಿಕೊಂಡು ರೊಟ್ಟಿ ತಿಂತಿದ್ದೆ. ಹೆಂಗ ಇಳೀತಿತ್ತೋ. ಇಳೀತಿತ್ತು. ಎರಡು ತಿಂಗಳು ಹಿಂಗೇ ಹೋತು. ಮಾರ್ಚ್ ಮೂವತ್ತೊಂದು ಶನಿವಾರ. ಅವತ್ತು ಅಂವ ಕಾಗದ ಇಟ್ಟ, ಸಂಜಿತನಕ ಇತ್ತು. ಸೋಮವಾರ ಸ್ಟೂಲಿನ ಮ್ಯಾಲ ಬರೇ ರಜಿಸ್ಟರ್ ಇತ್ತು. ನಾ ಮೊದಲನೇ ಹೆಸರು ಒತ್ತಿದೆ.

ಅಕ್ಕ ಕೀಲಿಕೈ ಕೊಟ್ಟು ಬಂದಳು ಅಂತ ಭೀಮಣ್ಣ ಇನಾಯತ್ ಭಾಯಿಗೆ ಹೇಳಿದ್ದು ನನಗ ಕೇಳಿಸಿತು. ನನ್ನ ಲಗ್ನಕ್ಕ ಬಂದಿದ್ದ ಅಂವ. ಸ್ಟೀಲಿನ ಡಬ್ಬಿ ಆಯೇರಿ ಮಾಡಿ, ಉಂಡು, ಸುಖವಾಗಿರು ತಂಗಿ ಅಂತ ಹೇಳಿ ಹೋದ.

ಏಳು ಕುರ್ಚಿ ಕಥಿನೂ ಹೇಳಿಬಿಡತೀನಿ. ಆ ವರ್ಷ ಡಿಸೆಂಬರಿಗೆ ಎಲ್ಲಾ ಕೆಲಸ ದೂರದ ಯಾವುದೋ ದೊಡ್ಡ ಕಂಪನಿಗೆ ಹೋತು. ನಮ್ಮ ತಪ್ಪಿಗಲ್ಲ, ಅವರದು ಜಲ್ದಿ ಆಗತದಂತ. ಸರ್ ಬೋರ್ಡು ಇಳಿಸಿದ್ರು. ಇನಾಯತ್ ಭಾಯಿ ಹೈದರಾಬಾದಿಗೆ ಹೋದ್ರು. ಭೀಮಣ್ಣ ಕಮಲಾಪುರದಾಗ ಬಸ್ ಸ್ಟ್ಯಾಂಡ್ ಎದುರಿಗೆ ಝೆರಾಕ್ಸ್ ಮಶೀನ್ ಇಟ್ಟಾನ ಅಂತ ಯಾರೋ ಹೇಳಿದ್ರು. ನನಗ ಮದುವಿ ಆಗಿತ್ತು, ಕೆಲಸ ಹೋದದ್ದಕ್ಕ ಮನ್ಯಾಗ ಯಾರೂ ಏನೂ ಅನ್ನಲಿಲ್ಲ. ಚೊಲೋ ಆತು, ಮನ್ಯಾಗಿರು ಅಂದ್ರು.

ಒಂದು ವರ್ಷ ಮ್ಯಾಲ, 2009ರ ಜನೇವರಿಯೊಳಗ, ಹೇಳಿಬಿಡಬೇಕು ಅಂತ ಒಂದಿನ ಹೊಂಟೆ. ಯಾಕ ಅವತ್ತೇ ಅಂದ್ರ ನನಗ ಗೊತ್ತಿಲ್ಲ. ಮನ್ಯಾಗ ಗೆಳತಿ ಮನಿಗಂತ ಹೇಳಿ ಕಮಲಾಪುರದ ಬಸ್ಸು ಹತ್ತಿದೆ. ತಾರೀಖು ಹುಡುಕಿದಾಕಿ ನಾನು, ಸಹಿ ಮಾಡಲಾರದಾಕಿನೂ ನಾನು ಅಂತ ದುಂಡಮ್ಮಗ ಮಾರಿಗೆ ಮಾರಿ ಕೊಟ್ಟು ಹೇಳಬೇಕು, ಬೈದ್ರ ಬೈಸಿಕೊಂಡು ಬರಬೇಕು. ಹಾದಿತುಂಬಾ ಮಾತು ಜೋಡಿಸಿದೆ. ಭೀಮಣ್ಣನ ಅಂಗಡಿ ಕಡಿ ಹೋಗಲಾರದ ಹಿಂದಿನ ಓಣಿ ಹಿಡದೆ.

ದುಂಡಮ್ಮ ಕಟ್ಟಿ ಮ್ಯಾಲ ಕುಂತು ತೊಗರಿ ಹಸನು ಮಾಡಾಕತ್ತಿದ್ದಳು. ಅರವತ್ತರ ಮಾರಿ ಆಗಿತ್ತು ಈಗ. ಕಲಬುರಗಿಯಿಂದ ಬಂದೀನಿ, ಭೀಮಣ್ಣನ ಕೂಡ ಕೆಲಸ ಮಾಡತಿದ್ದೆ ಅಂದೆ. ಆಕಿ ಎದ್ದು ನಿಂತಳು. ಚಾಪಿ ಹಾಸಿ, ನೀರು ಕೊಟ್ಟು, ಒಳಗಿಂದ ಎರಡು ಕೆಂಪು ಬಾಳಿಹಣ್ಣು ತಂದು ಕೈಯ್ಯಾಗಿಟ್ಟಳು.

“ಅನ್ನಮ್ಮ ಅಂದ್ರ ನೀನೇ ಏನವ್ವ? ನಿನ್ನ ಸುದ್ದಿ ಹೇಳ್ಯಾನ ಅಂವ. ಖಾಲಿ ಇದ್ದದ್ದು ಖಾಲಿ ಬಿಡು ಅಣ್ಣಾ ಅಂತ ನೀ ಹೇಳಿದ್ರೂ ಕೇಳಲಿಲ್ಲಂತ. ನೀ ಉಣ್ಣಾಕ ಎದ್ದಾಗ ನಿನ್ನ ಮಶೀನಿನ ಮ್ಯಾಲೂ ಅಂವನೇ ಒತ್ತಿದನಂತ. ನೀ ಸಹಿ ಮಾಡಾಕ ಬಂದ್ರ, ಲಗ್ನದ ಹುಡುಗಿ ಬ್ಯಾಡ ಅಂತ ತಾನೇ ಕಾಗದ ಹರದನಂತ.”

ನಾ ಬಾಯಿ ತಗದೆ. ಆಕಿ ಮೊರದ ಕಡಿ ನೋಡಾಕತ್ತಿದ್ದಳು.

“ಆರು ವರ್ಷದಂವ ಇದ್ದ, ಬಗಲಾಗ ಮಲಗಿಸಿಕೊಂಡು ಸಾಕೀನಿ. ನನ್ನ ಹೆಸರು ಓದಾಕ ಆಗಲಿಲ್ಲ ಅವನಿಗೆ. ಮಾತು ಬಿಟ್ಟು ಎರಡು ವರ್ಷ ಆಗಾಕ ಬಂತು. ಸತ್ರೂ ನನ್ನ ಬಾಯಿಗೆ ಅಂವ ನೀರು ಬಿಡಬಾರದು ಅಂತ ಹೇಳೀನಿ. ನೀ ತಿನ್ನವ್ವ, ನೀ ಪಾಪ ಏನು ಮಾಡ್ತಿ.”

ಅವನ ಪಾಲಿನ ತಪ್ಪು ಅರ್ಧ. ಉಳಿದ ಅರ್ಧ ನನ್ನ ಬಾಯಾಗ ಇತ್ತು. ಒಂದು ಮಾತು ಅಂದಿದ್ರ ಆಕಿ ಎದ್ದು ಬಸ್ ಸ್ಟ್ಯಾಂಡಿನ ಕಡಿ ಹೋಗತಿದ್ದಳೋ ಏನೋ. ಭಾಳ ಆದ್ರ ನೂರು ಹೆಜ್ಜಿ ಹಾದಿ. ಆಕಿ ನನ್ನ ಮಾರಿ ನೋಡಿದಳು, ಎಷ್ಟು ಮಕ್ಕಳವ್ವ ನಿನಗ ಅಂತ ಕೇಳಿದಳು. ಇನ್ನೂ ಇಲ್ಲ ಅಂದೆ. ಆಗತಾವ ಬಿಡು ಅಂದಳು.

ನಾ ಹಣ್ಣು ಸುಲಿದೆ. ಎರಡೂ ತಿಂದೆ. ಸಿಪ್ಪಿ ಎಲ್ಲಿ ಒಗೀಲಿ ಅಂತ ಕೇಳಿದೆ.